ಕಡೆದ ಭರಣಿಗೆ ವಾರ್ನಿಶ್: ಎರಡು ಕೋಟ್ ನಡುವೆ ಉಜ್ಜುವುದು ಹೇಗೆ?

ದಸರಾ ಗೊಂಬೆ ಕೂರಿಸಲು ಎರಡು ವಾರ ಇದೆ ಎನ್ನುವಾಗ ಮೈಸೂರಿನ ನಮ್ಮ ಮನೆಗೆ ಯಾರಾದರೊಬ್ಬರು ಕುಂಕುಮದ ಭರಣಿ ಹಿಡಿದು ಬರುತ್ತಾರೆ. ಮರ ತಿರುಗಿಸಿ ಕಡೆಯುವ ಯಂತ್ರವಾದ ಲೇತ್‌ನಲ್ಲಿ ಚೆನ್ನಾಗಿಯೇ ಕಡೆದಿರುತ್ತಾರೆ. ಆದರೆ ಬಾಯಿಯ ಅಂಚು ಬೋಳು, ಹೊಟ್ಟೆಯ ಸುತ್ತ ಗೆರೆ ಗೆರೆ. ಕೆಟ್ಟಿದ್ದು ವಾರ್ನಿಶ್ ಬಳಿಯುವಾಗಲ್ಲ, ನಡುವೆ ಉಜ್ಜುವಾಗ.

ಚನ್ನಪಟ್ಟಣದ ಆಟಿಕೆಯವರಿಗೆ ಈ ತಾಪತ್ರಯ ಇಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅದು ಕರಗಿ ಹತ್ತುತ್ತದೆ. ನಮ್ಮದು ಡಬ್ಬಿಯಲ್ಲಿ ಸಿಗುವ ಪಾಲಿಯುರೆಥೇನ್ ವಾರ್ನಿಶ್ ಅಲ್ವಾ, ಒಣಗಿದ ಕೋಟ್ ಮತ್ತೆ ಕರಗುವುದಿಲ್ಲ. ಮೇಲಿನದಕ್ಕೆ ಹಿಡಿತ ಬೇಕೆಂದರೆ ಕೆಳಗಿನದನ್ನು ಉಜ್ಜಲೇಬೇಕು.

ಮೊದಲು ತೆಳ್ಳಗೆ ಒಂದು ಕೋಟ್ ಬಳಿದು ಒಣಗಲು ಬಿಡಿ.

ಆಮೇಲೆ ಒಣಗಿದೆಯೇ ನೋಡಿ. ಡಬ್ಬಿಯ ಮೇಲಿನ ಗಂಟೆ ಲೆಕ್ಕವನ್ನು ಆಷಾಢದ ಜಡಿಮಳೆಯಲ್ಲಿ ನಂಬಬೇಡಿ, ನಾನು ಎರಡರಷ್ಟು ಕಾಯುತ್ತೇನೆ. ತಳದಲ್ಲಿ ಉಪ್ಪುಕಾಗದದಿಂದ ಒಮ್ಮೆ ಉಜ್ಜಿ. ಬಿಳಿ ಪುಡಿ ಉದುರಿದರೆ ಸರಿ. ಕಾಗದಕ್ಕೆ ಗೋಂದಿನ ಹಾಗೆ ಅಂಟಿದರೆ ಅವತ್ತಿಗೆ ಎತ್ತಿಡಿ.

ಇನ್ನು ಉಜ್ಜುವುದು. ಲೇತ್ ನಿಲ್ಲಿಸಿ. ತಿರುಗಿಸುತ್ತಲೇ ಕಾಗದ ಹಿಡಿದರೆ ಕೆಲಸ ಬೇಗ ಆಗುತ್ತದೆ, ನಿಜ. ಹೊಟ್ಟೆಯ ಮೇಲಿನ ಆ ಗೆರೆಗಳು ಬರುವುದೂ ಅದರಿಂದಲೇ. 400 ನಂಬರಿನ ನಯವಾದ ಉಪ್ಪುಕಾಗದ ಸಾಕು. ಬಾಗಿಲಿಗೆ ತಂದು ಉಳಿದ ಒರಟು 120 ಬೇಡವೇ ಬೇಡ. ಹಿಂಬದಿಯಲ್ಲಿ ನಂಬರೇ ಇಲ್ಲದ ಅಗ್ಗದ ಹಾಳೆಯೂ ಬೇಡ. ಒಮ್ಮೆ ಅಂಥದ್ದರಿಂದ ಉದುರಿದ ಒಂದೇ ಒಂದು ಕಾಳು ನನ್ನ ಮುಚ್ಚಳಕ್ಕೆ ಉದ್ದಕ್ಕೂ ಗೀರು ಹಾಕಿತ್ತು.

ಅಂಗೈಯಗಲದ ತುಂಡನ್ನು ಮೂರು ಮಡಿಕೆ ಮಾಡಿ, ಮರದ ಎಳೆ ಹೋದ ದಿಕ್ಕಿಗೆ ಉಜ್ಜಿ. ಬೆರಳಿನ ಭಾರವಷ್ಟೇ ಇರಲಿ. ಮುಳ್ಳಿನಂತೆ ಎದ್ದ ಎಳೆ, ಕೂತ ಧೂಳು ಹೋಗಿ ಹೊಳಪು ಮಂಕಾದರೆ ಮುಗಿಯಿತು. ಸಣ್ಣ ಚುಕ್ಕೆಯಷ್ಟು ಹೊಳಪು ತಗ್ಗಿನಲ್ಲಿ ಉಳಿದರೆ ಉಳಿಯಲಿ, ಅದನ್ನು ಅಟ್ಟಿಸಿಕೊಂಡು ಹೋಗಬೇಡಿ. ಬಾಯಿಯ ಅಂಚು, ಭರಣಿಯ ಸುತ್ತ ಕಡೆದ ಉಂಗುರದ ಏಣು ಇವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ವಾರ್ನಿಶ್ ತಾನಾಗಿಯೇ ತೆಳ್ಳಗೆ ಕೂತಿರುತ್ತದೆ, ಬೆರಳಿನ ಭಾರವೆಲ್ಲ ಆ ಒಂದು ಗೆರೆಯ ಮೇಲೇ ಬೀಳುತ್ತದೆ. ಸವೆದು ಮೆತ್ತಗಾದ ಕಾಗದದಲ್ಲಿ ಎರಡು ಸಲ ಸವರಿದರೆ ಸಾಕು. ಉಂಗುರದ ಸಂದಿಗೆ ಕಾಗದದ ಮಡಿಚಿದ ತುದಿ ತೂರಿಸಿ, ಉಗುರು ಬೇಡ. ಅಂಚು ಬೋಳಾಯಿತೇ? ಆ ಚುಕ್ಕೆಗೆ ಮಾತ್ರ ತೇಪೆ ಹಾಕಿದರೆ ಕಲೆ ಕಾಣುತ್ತದೆ. ಉಜ್ಜುವುದು ನಿಲ್ಲಿಸಿ ಇಡೀ ಭರಣಿಗೆ ಇನ್ನೊಂದು ಕೋಟ್ ಕೊಡಿ.

ಸ್ಟೀಲ್ ಉಣ್ಣೆ, ಅಂದರೆ ಉಕ್ಕಿನ ಸಣ್ಣ ಎಳೆಗಳ ಉಂಡೆ, ಸುಲಭ ಅಂತ ಕೆಲವರು ಹೇಳುತ್ತಾರೆ. ನೀರು ಬೆರೆಸುವ ವಾರ್ನಿಶ್ ಆದರೆ ಸಿಕ್ಕಿಬಿದ್ದ ಎಳೆ ತುಕ್ಕು ಹಿಡಿದು ಚುಕ್ಕೆಯಾಗುತ್ತದೆ.

ಪುಡಿಯನ್ನು ಬಾಯಿಂದ ಊದಬೇಡಿ, ಎಂಜಲು ಹನಿ ಬೀಳುತ್ತದೆ. ಬ್ರಶ್‌ನಲ್ಲಿ ಕೊಡವಿ, ಒಣ ಬಟ್ಟೆಯಲ್ಲಿ ಒರೆಸಿ ಮುಂದಿನ ಕೋಟ್ ಬಳಿಯಿರಿ. ಮೂರು ಕೋಟ್ ಸಾಕು. ಮೂರನೆಯದರ ಮೇಲೆ ಕಾಗದ ಮುಟ್ಟಿಸಬೇಡಿ.