ಪಾತ್ರೆಯ ಹೈಡ್ರೋಜನ್ ಯಾವುದು, ಕಲ್ಲಿನದು ಯಾವುದು?

ಸಾಗರತಳದ ಭೂಫಲಕ ಇನ್ನೊಂದು ಫಲಕದಡಿ ಜಾರುವಲ್ಲಿ, ಅದರಿಂದ ಹೊರಬಿದ್ದ ನೀರು ಅದರ ಮೇಲಿರುವ ಮ್ಯಾಂಟಲ್‌ನ (ಭೂಮಿಯ ಹೊರಚಿಪ್ಪಿನಡಿಯ ಪದರ) ಒಲಿವೀನ್ ಎಂಬ ಹಸಿರು ಖನಿಜಕ್ಕೆ ತಗಲುತ್ತದೆ. ಒಲಿವೀನ್ ನೀರು ಸೇರಿದ ಇನ್ನೊಂದು ಖನಿಜ, ಸರ್ಪೆಂಟೈನ್ ಆಗುತ್ತದೆ. ಅದರ ಕಬ್ಬಿಣ ನೀರಿನ ಆಕ್ಸಿಜನ್ ಕಿತ್ತುಕೊಂಡು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಆಗಿ, ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಇದನ್ನೇ ಪುಣೆಯ ಲ್ಯಾಬಿನಲ್ಲಿ 100 ಮಿಲೀ ಆಟೋಕ್ಲೇವ್‌ನೊಳಗೆ (ಒತ್ತಡ ತಾಳುವ, ಮುಚ್ಚಿದ ಉಕ್ಕಿನ ಪಾತ್ರೆ) ಮಾಡುತ್ತೇನೆ. ಗ್ಯಾಸ್ ಬರಿಸುವುದು ಸುಲಭ. ಅದು ಕಲ್ಲಿನಿಂದಲೇ ಬಂತೆಂದು ತೋರಿಸುವುದೇ ಕಷ್ಟ, ಏಕೆಂದರೆ ಪಾತ್ರೆಯ ಉಕ್ಕೂ ಬಿಸಿ ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ.

ಪುಣೆ ಸುತ್ತಲಿನ ಕಪ್ಪುಕಲ್ಲು ಇದಕ್ಕೆ ಆಗಿಬರದು, ಅದರಲ್ಲಿ ಒಲಿವೀನ್ ಕಡಿಮೆ. ಸೇಲಂ ಕಡೆಯ ಡ್ಯೂನೈಟ್ (ಬಹುಪಾಲು ಒಲಿವೀನ್ ಇರುವ ಕಲ್ಲು) ತರಿಸಿ, ಅಗೇಟ್ ಖಲ್ಲಿನಲ್ಲಿ ಅರೆದು, 50ರಿಂದ 100 ಮೈಕ್ರಾನ್ ಜರಡಿ ಹಿಡಿದು, ನುಣುಪು ಧೂಳನ್ನು ನೀರಲ್ಲಿ ತೊಳೆದು ಬಿಡುತ್ತೇನೆ. ಉಕ್ಕಿನ ಗಿರಣಿ ಬೇಡವೇ ಬೇಡ. 10 ಮಿಲಿಗ್ರಾಂ ಕಬ್ಬಿಣದ ಚೂರು ಸೇರಿದರೂ ಸುಮಾರು 6 ಮಿಲೀ ಹೈಡ್ರೋಜನ್ ಪುಕ್ಕಟೆ ಬರುತ್ತದೆ. ಅರೆದ ಪುಡಿಯ ಮೇಲೆ ಆಯಸ್ಕಾಂತ ಆಡಿಸುವುದು ಕಡ್ಡಾಯ.

ಹಾಕುವ ಅಳತೆ: 10 ಗ್ರಾಂ ಪುಡಿ, 40 ಮಿಲೀ ನೀರು. ನೀರಿಗೆ ಮೊದಲೇ ಒಂದು ಗಂಟೆ ಆರ್ಗಾನ್ ಹಾಯಿಸಿ ಕರಗಿದ ಆಕ್ಸಿಜನ್ ಓಡಿಸಬೇಕು. 40 ಮಿಲೀ ಯಾಕೆ ಎಂದು ಧಾರವಾಡ, ಕಲಬುರಗಿಯಿಂದ ಬರುವ ಎಂಎಸ್ಸಿ ಹುಡುಗರು ಕೇಳುತ್ತಾರೆ. 300 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.71ಕ್ಕೆ ಇಳಿಯುತ್ತದೆ, 70 ಮಿಲೀ ಹಾಕಿದರೆ ಅದು ಉಬ್ಬಿ ಪಾತ್ರೆ ಪೂರ್ತಿ ತುಂಬಿ, ಒತ್ತಡ ಹಿಡಿತ ತಪ್ಪುತ್ತದೆ. 40ಕ್ಕೆ ಸುಮಾರು 90 ಬಾರ್‌ನಲ್ಲಿ ನಿಲ್ಲುತ್ತದೆ. ಟೆಫ್ಲಾನ್ ಒಳಪಾತ್ರೆ ಈ ಶಾಖಕ್ಕೆ ತಡೆಯದು. ಪುಣೆ ಬಳಿಯ ಭೋಸರಿಯ ಲೇತ್‌ನವರಿಂದ ಮಾಡಿಸಿದ ಟೈಟಾನಿಯಂ ಲೋಟವನ್ನು ಗಾಳಿಯಲ್ಲೇ 400 ಡಿಗ್ರಿಗೆ ಕಾಯಿಸಿ, ಆಕ್ಸೈಡ್ ಪದರ ಕಟ್ಟಿಸಿ ಬಳಸುತ್ತೇನೆ. ಅಷ್ಟಾದರೂ ಆವಿ ಮೇಲಿನ ಉಕ್ಕಿನ ಮುಚ್ಚಳಕ್ಕೆ ತಗಲಿಯೇ ತಗಲುತ್ತದೆ.

ಹಾಗಾಗಿ ಪ್ರತಿ ಸಲವೂ ಕಲ್ಲಿಲ್ಲದೆ ಬರೀ ನೀರು ಹಾಕಿ, ಅದೇ ಶಾಖ, ಅದೇ ಅವಧಿಗೆ ಒಂದು ಓಟ ಓಡಿಸುತ್ತೇನೆ; ಅದರಲ್ಲಿ ಬಂದ ಹೈಡ್ರೋಜನ್ ಪಾತ್ರೆಯದು. ಹಲವರು ಸಮಯವಿಲ್ಲವೆಂದು ಬಿಡುವುದು ಇದನ್ನೇ. ದಿನದಿನದ ಹೈಡ್ರೋಜನ್ ಗ್ರಾಫಿನ ಆಕಾರವೂ ಬಾಯಿಬಿಡುತ್ತದೆ: ಮೊದಲೆರಡು ದಿನ ದಬದಬನೆ ಏರಿ ಚಪ್ಪಟೆಯಾದರೆ ಅದು ಉಕ್ಕಿನದು, ಇಲ್ಲವೇ ಹೊಸದಾಗಿ ಒಡೆದ ಕಲ್ಲಿನ ಮೈ ನೀರಿನೊಡನೆ ಮಾಡುವ ಆಟ. ಒಲಿವೀನ್ ವಾರಗಟ್ಟಲೆ ನಿಧಾನಕ್ಕೆ ಕೊಡುತ್ತದೆ. ಜೊತೆಗೊಂದು ಮಿತಿಯಿದೆ. ಮೆಗ್ನೀಸಿಯಂ, ಕಬ್ಬಿಣ ಎರಡೂ ಸೇರಿದ ಪರಮಾಣುಗಳಲ್ಲಿ ಹತ್ತರಲ್ಲೊಂದು ಕಬ್ಬಿಣವಾಗಿರುವ ಒಲಿವೀನ್‌ನಲ್ಲಿ ಫೆರಸ್ ಆಕ್ಸೈಡ್ ತೂಕದಲ್ಲಿ ಶೇ. 9.8, ಅದಷ್ಟೂ ಮ್ಯಾಗ್ನಟೈಟ್ ಆದರೂ 10 ಗ್ರಾಂಗೆ 110 ಮಿಲೀ ಹೈಡ್ರೋಜನ್ ಮೀರದು. ಮೀರಿದರೆ ನಿಮ್ಮ ಪಾತ್ರೆ ಕರಗುತ್ತಿದೆ.

ಶಾಖ 200ರಿಂದ 315 ಡಿಗ್ರಿ ಒಳಗಿದ್ದರೆ ಇಳುವರಿ ಚೆನ್ನ. 150ರ ಕೆಳಗೆ ಕಬ್ಬಿಣ ಬ್ರೂಸೈಟ್ (ಮೆಗ್ನೀಸಿಯಂ ಹೈಡ್ರಾಕ್ಸೈಡ್ ಖನಿಜ) ಸೇರಿಕೊಂಡು ಹೈಡ್ರೋಜನ್ ಸೊರಗುತ್ತದೆ. 400 ದಾಟಿದರೆ ಒಲಿವೀನ್ ಅಲುಗಾಡುವುದೇ ಇಲ್ಲ. ಗುರುವಾರದ ಕರೆಂಟ್ ಕಡಿತಕ್ಕೆ ಇನ್ವರ್ಟರ್ ಸಾಲದು, ಹೀಟರ್ ಎಳೆಯುವ ಹೊರೆ ಹೆಚ್ಚು. ಕಡಿತದ ಗಂಟೆ ಬರೆದಿಟ್ಟು ಲೆಕ್ಕದಿಂದ ತೆಗೆಯಿರಿ.

ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ, ಮಾದರಿಯನ್ನು ಹೊತ್ತೊಯ್ಯುವ ವಾಹಕ ಅನಿಲವಾಗಿ ಹೀಲಿಯಂ ಹಾಕಬೇಡಿ. ಹೀಲಿಯಂ, ಹೈಡ್ರೋಜನ್ ಎರಡರ ಶಾಖವಾಹಕತೆ ಹತ್ತಿರಹತ್ತಿರವಾದ್ದರಿಂದ ಟಿಸಿಡಿಯಲ್ಲಿ (ಶಾಖವಾಹಕತೆ ಅಳೆಯುವ ಪತ್ತೆಯಂತ್ರ) ಹೈಡ್ರೋಜನ್ ಪೀಕ್ ಕುಗ್ಗುತ್ತದೆ, ಕೆಲವೊಮ್ಮೆ ತಲೆಕೆಳಗೂ ಆಗುತ್ತದೆ. ಆರ್ಗಾನ್ ಸರಿ. ಅನಿಲಗಳು ಬೇರೆಯಾಗುವ ಕೊಳವೆ, ಅಂದರೆ ಕಾಲಮ್, 5ಎ ಮಾಲಿಕ್ಯುಲರ್ ಸೀವ್. ಹೈಡ್ರೋಜನ್ ಮೊದಲು ಹೊರಬರುತ್ತದೆ, ಆಮೇಲೆ ಆಕ್ಸಿಜನ್, ನೈಟ್ರೋಜನ್. ಕೊನೆಯೆರಡು ದೊಡ್ಡದಾಗಿ ಕಂಡರೆ ಎಲ್ಲೋ ಗಾಳಿ ನುಗ್ಗಿದೆ. ತೇವ ಕುಡಿದ ಕಾಲಮ್‌ನಲ್ಲಿ ಪೀಕ್‌ಗಳು ಒಂದರ ಮೇಲೊಂದು ಬೀಳುತ್ತವೆ. ಇಲ್ಲಿನ ಮಳೆಗಾಲದಲ್ಲಿ ಇದು ಮಾಮೂಲು. ಟಿಸಿಡಿಯ ಫಿಲಮೆಂಟ್ ಆರಿಸಿ, ಆರ್ಗಾನ್ ಹರಿಸುತ್ತ ಕಾಲಮನ್ನು ರಾತ್ರಿಯಿಡೀ 300 ಡಿಗ್ರಿಗೆ ಕಾಯಿಸಬೇಕು. ಮಾದರಿಯನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಇಡಬಾರದು. ದಪ್ಪ ಬ್ಯೂಟೈಲ್ ರಬ್ಬರ್ ಬಿರಡೆಯ ಗಾಜಿನ ಸೀಸೆ ಸಾಕು, ಅದನ್ನೂ ಗಟ್ಟಿ ಉಪ್ಪುನೀರಲ್ಲಿ ತಲೆಕೆಳಗಾಗಿ ಇಟ್ಟು ಆ ದಿನವೇ ಅಳೆಯಿರಿ.

ಪಾತ್ರೆಯ ಗ್ಯಾಸನ್ನು ಫ್ಯೂಮ್ ಹುಡ್‌ನೊಳಗೇ ಬಿಡಬೇಕು, ಗಾಳಿಯಲ್ಲಿ ಶೇ. 4 ಹೈಡ್ರೋಜನ್ ಇದ್ದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಉಳಿದ ಪುಡಿಯಲ್ಲಿ ಕ್ರೈಸೋಟೈಲ್ ಇರಬಹುದು, ಅಂದರೆ ಕಲ್ನಾರು. ಒಣಗಲು ಬಿಡದೆ ಒದ್ದೆಯಾಗಿಯೇ ಕೆರೆದು ತೆಗೆಯಿರಿ.

ಜ್ವಾಲಾಮುಖಿಯ ಬಿಸಿ ಬಿರುಕಿನಿಂದ, ಉದಾಹರಣೆಗೆ ಅಂಡಮಾನಿನ ಬ್ಯಾರನ್ ದ್ವೀಪದಂಥ ಕಡೆ, ಗ್ಯಾಸ್ ಹಿಡಿಯುವವರಿಗೂ ಇದೇ ಮಾತು. ಅಲ್ಲಿನ ಹೈಡ್ರೋಜನ್ ಮುಖ್ಯವಾಗಿ ಮ್ಯಾಗ್ಮಾದ ಆವಿಯದು, ಆದರೆ ಉಕ್ಕಿನ ಕೊಳವೆ ಇಳಿಸಿದರೆ ಬಿಸಿ ಆವಿ ಅದನ್ನೇ ತಿಂದು ಹೈಡ್ರೋಜನ್ ಕೊಡುತ್ತದೆ. ಸಿಲಿಕಾ ಕೊಳವೆ ಇಳಿಸಿ, ಕಾಸ್ಟಿಕ್ ಸೋಡಾ ದ್ರಾವಣವಿರುವ, ಗಾಳಿ ಹೀರಿ ತೆಗೆದ ಗಾಜಿನ ಸೀಸೆಗೆ ಜೋಡಿಸಿ. ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ದ್ರಾವಣ ಸೇರಿ, ಹೈಡ್ರೋಜನ್, ನೈಟ್ರೋಜನ್, ಮೀಥೇನ್ ಮೇಲುಳಿಯುತ್ತವೆ.