ಹಲ್ಲು ತೇಯದೆ ದವಡೆ ನೋವು ಇಳಿಸಿದ ಬಗೆ

ದವಡೆ ಕೀಲಿನ ಕೇಸ್ ಹಿಡಿದರೆ ಕೈಯಿಂದ ದುಡ್ಡು ಹೋಗುತ್ತದೆ, ಹೆಸರೂ ಕೆಡುತ್ತದೆ. ಮಂಡ್ಯದಲ್ಲಿ ಜೊತೆಯ ಡೆಂಟಿಸ್ಟ್‌ಗಳು ನನಗೆ ಹೇಳುತ್ತಿದ್ದುದು ಇದನ್ನೇ. ಒಬ್ಬರಂತೂ "ಹೈ ಪಾಯಿಂಟ್ ಹುಡುಕಿ ತೇಯ್ದು ಕಳಿಸ್ರೀ, ಸ್ಪ್ಲಿಂಟ್ ಗಿಂಟ್ ಎಲ್ಲ ಯಾಕೆ" ಎಂದು ನಕ್ಕಿದ್ದರು. (ಹೈ ಪಾಯಿಂಟ್ ಅಂದರೆ ಕಚ್ಚುವಾಗ ಉಳಿದದ್ದಕ್ಕಿಂತ ಮೊದಲು ತಾಗುವ ಎತ್ತರದ ಜಾಗ, ಸ್ಪ್ಲಿಂಟ್ ಅಂದರೆ ಹಲ್ಲಿನ ಸಾಲಿನ ಮೇಲೆ ಹಾಕಿಕೊಳ್ಳುವ, ತೆಗೆಯಬಹುದಾದ ಕವಚ.) ಈಗ ಅವರೇ ರೋಗಿಗಳನ್ನು ಕಳಿಸುತ್ತಾರೆ.

ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಸರಿಯಿಲ್ಲದ್ದೇ ಎಲ್ಲಕ್ಕೂ ಕಾರಣ ಅನ್ನುವುದು ಹಳೆಯ ಮಾತು. 1934ರಲ್ಲಿ ಕಾಸ್ಟೆನ್ ಎಂಬ ಕಿವಿ ಡಾಕ್ಟರು 11 ರೋಗಿಗಳನ್ನು ನೋಡಿ ಹಾಗೆ ಬರೆದರು. ಆಮೇಲೆ ಎಷ್ಟೋ ಒಳ್ಳೆಯ ಹಲ್ಲುಗಳನ್ನು ಸುಮ್ನೆ ತೇಯ್ದದ್ದಾಯಿತು. ನಾನು ತೇಯುವುದು ಒಂದೇ ಸಂದರ್ಭದಲ್ಲಿ: ಹೊಸ ಕ್ಯಾಪ್ ಅಥವಾ ಫಿಲ್ಲಿಂಗ್ ಎತ್ತರವಾಗಿ ಕೂತಿದ್ದರೆ. ಅದೂ ಕ್ಯಾಪನ್ನು, ಎದುರಿನ ಹಲ್ಲನ್ನಲ್ಲ.

ಮೊದಲು ಮೆತ್ತನೆಯ ಶೀಟ್ ಸ್ಪ್ಲಿಂಟ್ ಕೊಟ್ಟು ನೋಡಿದೆ. ಮುನ್ನೂರು, ನಾನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ರಾತ್ರಿ ಹಲ್ಲು ಕಡಿಯುವವರು ಅದನ್ನು ಬಬಲ್‌ಗಮ್ ಥರ ಅಗಿದರು. ಬೆಳಿಗ್ಗೆ ದವಡೆ ಇನ್ನೂ ಬಿಗಿ. ಕ್ಲಿನಿಕ್‌ನಲ್ಲೇ ಸೆಲ್ಫ್ ಕ್ಯೂರ್‌ನಲ್ಲಿ (ಕಲಸಿದರೆ ತಾನೇ ಗಟ್ಟಿಯಾಗುವ ಅಕ್ರಿಲಿಕ್) ಮಾಡಿದ್ದಕ್ಕೆ ವಾಸನೆ, ತೂತು, ಬಿರುಕು. ಕೊನೆಗೆ ಮೈಸೂರಿನ ಲ್ಯಾಬ್‌ನಿಂದ ಹೀಟ್ ಕ್ಯೂರ್, ಅಂದರೆ ಬಿಸಿಯಲ್ಲಿ ಗಟ್ಟಿ ಮಾಡುವ ಅಕ್ರಿಲಿಕ್‌ನಲ್ಲಿ ಮಾಡಿಸಿದೆ. ಮೇಲಿನ ಹಲ್ಲಿಗೆ, ಪೂರ್ತಿ ಸಾಲು ಮುಚ್ಚುವಂಥದ್ದು. ಲ್ಯಾಬ್‌ಗೆ ಸುಮಾರು 1800, ನಾನು ತಗೊಂಡದ್ದು 4500. ಲಾಭ ಅಂದುಕೊಂಡಿರಾ? ಸ್ಪ್ಲಿಂಟ್ ಸರಿಮಾಡುವ ಭೇಟಿಗಳಲ್ಲೇ ಕುರ್ಚಿ ಸಮಯ ಎಲ್ಲ ಹೋಯಿತು. ಈಗ ಭೇಟಿಗಳೂ ಸೇರಿ ಆರು ಸಾವಿರ ಎಂದು ಮೊದಲೇ ಹೇಳುತ್ತೇನೆ. ಚೌಕಾಸಿಗೆ ನಿಂತವರು ಅರ್ಧಕ್ಕೇ ಬಿಡುತ್ತಾರೆ, ಅವರನ್ನು ಶುರು ಮಾಡುವುದಿಲ್ಲ.

ಕೆಲಸ ಇರುವುದು ಆ ಭೇಟಿಗಳಲ್ಲೇ. ಕಚ್ಚಿಸಿ ತಾಗುವ ಜಾಗದ ಗುರುತು ನೋಡುವ ಬಣ್ಣದ ಪೇಪರ್ 200 ಮೈಕ್ರಾನ್ ದಪ್ಪದ್ದು ಇಟ್ಟರೆ ಎಲ್ಲೆಲ್ಲೂ ನೀಲಿ, ಏನೂ ಗೊತ್ತಾಗುವುದಿಲ್ಲ. ನಾನು 40ರಿಂದ ಶುರುಮಾಡಿ 12ಕ್ಕೆ ಇಳಿಯುತ್ತೇನೆ. ದೊಡ್ಡ ಗುರುತು ಬಿದ್ದಲ್ಲೇ ಒತ್ತಡ ಜಾಸ್ತಿ ಎಂದು ನಂಬಬೇಡಿ. 8 ಮೈಕ್ರಾನ್ ಶಿಮ್‌ಸ್ಟಾಕ್ (ಬಣ್ಣವಿಲ್ಲದ ತೀರಾ ತೆಳು ಪಟ್ಟಿ) ಕಚ್ಚಿಸಿ ಎಳೆದು ನೋಡಿ, ಎರಡೂ ಕಡೆ ಒಂದೇ ಥರ ಹಿಡಿಯಬೇಕು. ದವಡೆ ಪಕ್ಕಕ್ಕೆ ಜರುಗಿಸಿದಾಗ ಕೋರೆಹಲ್ಲು ಮಾತ್ರ ತಾಗಬೇಕು. ಮಲಗಿಸಿ ನೋಡಿದ ಮೇಲೆ ಎದ್ದು ಕೂರಿಸಿ ಮತ್ತೆ ನೋಡಿ, ದವಡೆ ಮುಂದಕ್ಕೆ ಬಂದು ಮುಂಭಾಗ ತಾಗುತ್ತಿರುತ್ತದೆ. ಸ್ನಾಯು ಸಡಿಲವಾದಂತೆ ದವಡೆ ಜಾಗ ಬದಲಿಸುತ್ತದೆ. ವಾರ ಬಿಟ್ಟು ಬಂದಾಗ ಗುರುತುಗಳು ಬೇರೆ ಕಡೆ. ಎರಡು ಭೇಟಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲುವವರೆಗೂ ಬಿಡಬೇಡಿ. ಬಹಳ ಜನ ಸೋಲುವುದು ಇಲ್ಲೇ, ಕೂರಿಸಿ ಕಳಿಸಿಬಿಡುತ್ತಾರೆ.

ಬೈಟ್ ತೆಗೆಯುವ ಮುಂಚೆ, ಅಂದರೆ ಲ್ಯಾಬ್‌ಗೆ ಕಚ್ಚಿನ ಅಚ್ಚು ತೆಗೆಯುವ ಮುಂಚೆ, ಸ್ನಾಯು ಸಡಿಲಿಸಲು ನಾನು ಒಂದು ಕೆಲಸ ಮಾಡುತ್ತೇನೆ. ಅದನ್ನು ಬರೆಯುವುದಿಲ್ಲ, ಬಂದರೆ ಕುರ್ಚಿ ಪಕ್ಕ ನಿಂತು ನೋಡಿ.

ಶಿಮ್‌ಸ್ಟಾಕ್ ಖರ್ಚು ಉಳಿಸಲು ಹಳೆಯ ಕ್ಯಾಸೆಟ್‌ನ ರಿಬ್ಬನ್ ಕೂಡ ಪರೀಕ್ಷಿಸಿದೆ, ಬಾಯಲ್ಲಲ್ಲ, ಆರ್ಟಿಕ್ಯುಲೇಟರ್ (ದವಡೆಯ ಚಲನೆ ಅನುಕರಿಸುವ ಸಾಧನ) ಮೇಲಿನ ಹಲ್ಲಿನ ಮಾಡೆಲ್‌ನಲ್ಲಿ. 90 ನಿಮಿಷದ ಕ್ಯಾಸೆಟ್‌ನದು ಸುಮಾರು 12 ಮೈಕ್ರಾನ್. ಚೆನ್ನಾಗಿಯೇ ಹಿಡಿಯಿತು, ಆದರೆ ಹಿಗ್ಗುತ್ತದೆ. ಬಿಟ್ಟುಬಿಟ್ಟೆ.

ಪಥ್ಯಕ್ಕೆ ನಮ್ಮ ಊರೇ ವಾಸಿ. ಮುದ್ದೆ ಹೇಗೂ ಅಗಿಯುವಂತಿಲ್ಲ, ನುಂಗುವುದೇ ಅಲ್ವಾ? ಕಬ್ಬು ಮಾತ್ರ ಬಿಡಿಸುವುದು ಕಷ್ಟ. ಒಂದೇ ಕಡೆ ಸಿಗಿದು ಜಗಿಯುವವರಿಗೆ ಕಟಾವಿನ ಕಾಲದಲ್ಲಿ ನೋವು ಮತ್ತೆ ಬರುತ್ತದೆ. ಎಲೆಯಡಿಕೆಯೂ ಹಾಗೆಯೇ.

ಹತ್ತರಲ್ಲಿ ಏಳು ಜನಕ್ಕೆ ಎರಡು ಮೂರು ತಿಂಗಳಲ್ಲಿ ನೋವು ಇಳಿದಿದೆ. ಕಟಕಟ ಶಬ್ದ ಬಹಳ ಜನರಲ್ಲಿ ಹೋಗಲಿಲ್ಲ. ಅದನ್ನು ಅಳತೆ ತೆಗೆಯುವ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ದುಡ್ಡು ವಾಪಸ್ ಕೇಳುತ್ತಾರೆ. ಬಾಯಿ 25 ಮಿಲಿಮೀಟರಿಗಿಂತ ಕಡಿಮೆ ತೆರೆಯುವವರನ್ನು ನಾನು ಇಟ್ಟುಕೊಳ್ಳುವುದಿಲ್ಲ, ಅದೇ ದಿನ ಸರ್ಜನ್ ಹತ್ತಿರ ಕಳಿಸುತ್ತೇನೆ.