ಅಮೆರಿಕದ ಧರ್ಮ-ರಾಜಕೀಯದ ಸುದ್ದಿ ಓದೋದು ಹೇಗೆ?

ಟೆಕ್ಸಾಸ್‌ಗೆ ಹೊಸದಾಗಿ ಬಂದ ನಮ್ಮವರು ನನ್ನನ್ನು ಕೇಳುವುದು ಒಂದೇ: "ಇಲ್ಲಿ ಜನ ಇದ್ದಕ್ಕಿದ್ದಂತೆ ಇಷ್ಟು ದೈವಭಕ್ತರಾಗಿಬಿಟ್ಟರಾ ಅಕ್ಕಾ?" ಇಲ್ಲ ಕಣ್ರೀ. ಚರ್ಚಿಗೆ ಹೋಗುವವರು ಕಡಿಮೆಯಾಗಿದ್ದಾರೆ. ಆದರೆ ಕಾನೂನಿನಲ್ಲಿ ಚರ್ಚಿನವರ ಕೈ ಮೇಲಾಗಿದೆ. ಸುದ್ದಿ ಓದುವಾಗ ಈ ಎರಡೂ ನೆನಪಿರಲಿ.

ಮೊದಲು ಅಂಕಿ ನೋಡಿ. ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳಲ್ಲಿ 2006ರ ಹೊತ್ತಿಗೆ 1.6 ಕೋಟಿಗೂ ಹೆಚ್ಚು ಸದಸ್ಯರಿದ್ದರು. ಈಗ 1.3 ಕೋಟಿಗಿಂತ ಕಡಿಮೆ. 2020ರ ಗ್ಯಾಲಪ್ ಸಮೀಕ್ಷೆಯಲ್ಲಿ ಯಾವುದಾದರೂ ಪ್ರಾರ್ಥನಾ ಮಂದಿರದ ಸದಸ್ಯರು ಅಂತ ಹೇಳಿಕೊಂಡವರು ಶೇ. 47 ಮಾತ್ರ. ಕೈ ಜಾರುತ್ತಿದೆ ಅನ್ನಿಸಿದಾಗಲೇ ಹಿಡಿತ ಬಿಗಿಯಾಗುತ್ತದೆ ಅನ್ನುವುದು ನನ್ನ ಲೆಕ್ಕ.

ಧರ್ಮ ರಾಜಕೀಯಕ್ಕೆ ಬಂದ ಕಥೆಯನ್ನು, ಗರ್ಭಪಾತ ಹಕ್ಕು ಅಂದ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಶುರು ಮಾಡಬೇಡಿ. ಎಲ್ಲರೂ ಹಾಗೇ ಮಾಡುತ್ತಾರೆ. 1962ಕ್ಕೆ ಹೋಗಿ: ಸರ್ಕಾರಿ ಶಾಲೆಯಲ್ಲಿ ಸರ್ಕಾರವೇ ಪ್ರಾರ್ಥನೆ ಮಾಡಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ ವರ್ಷ ಅದು. 1971ರಲ್ಲಿ ಇದೇ ಸದರ್ನ್ ಬ್ಯಾಪ್ಟಿಸ್ಟರು ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಇರಲಿ ಅಂತ ನಿರ್ಣಯ ಮಾಡಿದ್ದರು! ಆಮೇಲೆ ಬಂದದ್ದು ತೆರಿಗೆಯ ಜಗಳ. ಕರಿಯರು-ಬಿಳಿಯರು ಪ್ರೇಮಿಸಬಾರದು ಅಂತ ನಿಯಮ ಇಟ್ಟಿದ್ದ ಬಾಬ್ ಜೋನ್ಸ್ ಅನ್ನುವ ಕ್ರೈಸ್ತ ವಿಶ್ವವಿದ್ಯಾಲಯದ ತೆರಿಗೆ ವಿನಾಯಿತಿಯನ್ನು ಸರ್ಕಾರ ಕಿತ್ತುಕೊಂಡಿತು. 1979ರಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಅನ್ನುವ ಕ್ರೈಸ್ತ ರಾಜಕೀಯ ಸಂಘಟನೆ ಕಟ್ಟಿದರು, ಮರುವರ್ಷ ರಿಪಬ್ಲಿಕನ್ ರೇಗನ್ ಅಧ್ಯಕ್ಷ ಚುನಾವಣೆ ಗೆದ್ದರು. ಗರ್ಭಪಾತ ಮುಖ್ಯವೇ, ಆದರೆ ಬೇರು ಅದೊಂದೇ ಅಲ್ಲ.

ಅಧ್ಯಕ್ಷರ ಭಾಷಣ ಬಿಟ್ಟು ಕೋರ್ಟಿನ ಮೇಲೆ ಕಣ್ಣಿಡಿ. ತರಗತಿಯ ಗೋಡೆಗೆ ಬೈಬಲಿನ ಹತ್ತು ಕಟ್ಟಳೆಗಳನ್ನು (ಟೆನ್ ಕಮಾಂಡ್‌ಮೆಂಟ್ಸ್) ಹಾಕಿಸಿದ ಕೆಂಟಕಿಯ ಕಾನೂನನ್ನು 1980ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. 2022ರಲ್ಲಿ ಅದೇ ಕೋರ್ಟ್ ಗರ್ಭಪಾತದ ಹಳೆಯ ತೀರ್ಪನ್ನು ತೆಗೆದುಹಾಕಿತು, ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಫುಟ್‌ಬಾಲ್ ಕೋಚ್ ಪರ ನಿಂತಿತು. ನಂತರ 2024ರಲ್ಲಿ ಲೂಸಿಯಾನ, 2025ರಲ್ಲಿ ನಮ್ಮ ಟೆಕ್ಸಾಸ್ ಕಟ್ಟಳೆಗಳ ಕಾನೂನು ತಂದವು. ಟೆಕ್ಸಾಸ್‌ನಲ್ಲಿ ಪೋಸ್ಟರ್ ಕನಿಷ್ಠ 16x20 ಇಂಚು ಇರಬೇಕಂತೆ, ಅಳತೆಯನ್ನೂ ಬಿಟ್ಟಿಲ್ಲ! ಎರಡೂ ಕಡೆ ಕೇಸು ಬಿದ್ದವು. ಹಾಗಾಗಿ ನಿಮ್ಮ ಮಗುವಿನ ಶಾಲೆಯಲ್ಲಿ ಏನಾಗಿದೆ ಅಂತ ಶಾಲೆಯನ್ನೇ ಕೇಳಿ, ವಾಟ್ಸಾಪ್ ನಂಬಬೇಡಿ.

ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಬೇಡಿ. ಬಿಳಿಯ ಇವಾಂಜೆಲಿಕಲ್‌ಗಳಲ್ಲಿ (ಬೈಬಲೇ ಅಂತಿಮ ಅನ್ನುವ ಪ್ರಾಟೆಸ್ಟಂಟರು) ಹತ್ತಕ್ಕೆ ಸುಮಾರು ಎಂಟು ಮಂದಿ ಟ್ರಂಪ್‌ಗೆ ವೋಟು ಹಾಕಿದ್ದಾರೆ. ಕರಿಯರ ಚರ್ಚುಗಳ ಜನ ಹೆಚ್ಚಾಗಿ ಡೆಮಾಕ್ರಾಟ್‌ಗಳ ಕಡೆ. ಕ್ಯಾನ್ಸಸ್ ರಿಪಬ್ಲಿಕನ್ ರಾಜ್ಯ, ಆದರೂ 2022ರ ಆಗಸ್ಟ್‌ನಲ್ಲಿ ರಾಜ್ಯದ ಸಂವಿಧಾನದಿಂದ ಗರ್ಭಪಾತದ ಹಕ್ಕು ತೆಗೆಯೋಣವೇ ಅಂತ ಕೇಳಿದಾಗ ಸುಮಾರು ಶೇ. 59 ಮಂದಿ ಬೇಡ ಅಂದರು.

ಪಕ್ಕದ ಮನೆಯವರು "ಯಾವ ಚರ್ಚಿಗೆ ಹೋಗ್ತೀರಿ?" ಅಂದರೆ ಮುಖ ಗಂಟು ಹಾಕಬೇಡಿ. ದಕ್ಷಿಣದ ಊರುಗಳಲ್ಲಿ ಅದು ಊಟ ಆಯ್ತಾ ಅಂದ ಹಾಗೆ. ದೇವಸ್ಥಾನಕ್ಕೆ ಹೋಗ್ತೀವಿ ಅನ್ನಿ, ಮಾತು ಮುಂದುವರಿಯುತ್ತದೆ.

ಕೊನೆಗೆ, ಸ್ಕೂಲ್ ಬೋರ್ಡ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ) ಸಭೆಗೆ ಒಮ್ಮೆ ಹೋಗಿ. ಲೈಬ್ರರಿಯಿಂದ ಯಾವ ಪುಸ್ತಕ ತೆಗೆಯಬೇಕು ಅನ್ನುವ ಜಗಳ ನಡೆಯುವುದು ಅಲ್ಲೇ. ಕಾರ್ಯಸೂಚಿ ಮೊದಲೇ ವೆಬ್‌ಸೈಟಿನಲ್ಲಿ ಸಿಗುತ್ತದೆ. ಇಲ್ಲಿ ಎಷ್ಟೋ ಕಡೆ ಬೋರ್ಡಿನ ಚುನಾವಣೆ ಮೇ ತಿಂಗಳಲ್ಲಿ, ವೋಟು ಹಾಕುವವರು ತೀರಾ ಕಡಿಮೆ. ನಿಮಗೆ ಸಿಟಿಜನ್‌ಶಿಪ್ ಬಂದಿದ್ದರೆ ಹೆಸರು ನೋಂದಾಯಿಸಿಕೊಳ್ಳಿ.